ಅರ್ಧ ಬೆಲೆಯ ಯಂತ್ರ, ಪೂರ್ತಿ ಬೆಲೆಯ ದಂಡ

2016ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ನಮ್ಮ ದೇಶದ ವೃತ್ತಪತ್ರಗಳಲ್ಲಿ ಒಂದು ವಿಚಿತ್ರವಾದ ಜಾಹೀರಾತು ಪ್ರಕಟವಾಯಿತು. ದಿಲ್ಲಿಯ ಸಮೀಪದ ನೋಯ್ಡಾದಲ್ಲಿದ್ದ ‘ರಿಂಗಿಂಗ್ ಬೆಲ್ಸ್’ ಎಂಬ ಹೊಸ ಕಂಪನಿಯವರು ‘ಫ್ರೀಡಂ 251’ ಎಂಬ ಹೆಸರಿನ ಸ್ಮಾರ್ಟ್ ಫೋನನ್ನು ಕೇವಲ 251 ರೂಪಾಯಿಗಳಿಗೆ ಕೊಡುವೆವೆಂದು ಸಾರಿದರು. ನಾಲ್ಕು ಇಂಚಿನ ಪರದೆ, ಒಂದು ಜಿ.ಬಿ. ರ‍್ಯಾಮು, ಎಂಟು ಜಿ.ಬಿ. ಸಂಗ್ರಹ, ಹಿಂದೊಂದು ಮುಂದೊಂದು ಕ್ಯಾಮೆರಾ. ಇಷ್ಟೆಲ್ಲವೂ ಒಂದು ಸಾಧಾರಣ ಕುಟುಂಬವು ಖಾನಾವಳಿಯಲ್ಲಿ ಒಂದು ಹೊತ್ತು ಉಂಡು ಬರುವ ವೆಚ್ಚದಲ್ಲಿ! ಫೆಬ್ರುವರಿ 18ರ ಬೆಳಿಗ್ಗೆ ಮುಂಗಡ ನೋಂದಣಿ ಆರಂಭವಾದೊಡನೆ ಜನರು ಎಷ್ಟೊಂದು ಸಂಖ್ಯೆಯಲ್ಲಿ ಮುಗಿಬಿದ್ದರೆಂದರೆ, ಕಂಪನಿಯ ಜಾಲತಾಣವೇ ಆ ಭಾರಕ್ಕೆ ಕುಸಿದು ನಿಂತುಹೋಯಿತು. ಮೊದಲನೆಯ ದಿನವೇ ಸುಮಾರು 30,000 ಜನರು ಫೋನಿನ ಬೆಲೆಗೆ 40 ರೂಪಾಯಿ ಸಾಗಾಣಿಕೆಯ ವೆಚ್ಚವನ್ನೂ ಸೇರಿಸಿ ಹಣ ತುಂಬಿದರು.

ಮುಂದೆ ನಡೆದ ಸಂಗತಿಯು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ವರದಿಗಾರರ ಕೈಗೆ ಕೊಟ್ಟ ಮಾದರಿಯ ಫೋನುಗಳ ಮೇಲೆ ಬಿಳಿಯ ಬಣ್ಣದಿಂದ ಮುಚ್ಚಿದ್ದ ಬೇರೊಂದು ಕಂಪನಿಯ ಹೆಸರು ಕೆರೆದಾಗ ಕಾಣಿಸಿಕೊಂಡಿತು. ಆ ಕಂಪನಿಯ ಅಂಥದೇ ಫೋನು ಪೇಟೆಯಲ್ಲಿ ಮೂರುವರೆ ಸಾವಿರ ರೂಪಾಯಿಗಳಿಗೂ ಮೇಲ್ಪಟ್ಟು ಮಾರುತ್ತಿತ್ತು. ಫೋನು ತಯಾರಿಸುವವರ ಸಂಘದವರು, ಎಷ್ಟು ಸೋವಿಯ ಬಿಡಿಭಾಗಗಳನ್ನು ಹಾಕಿದರೂ ಈ ಬೆಲೆಗೆ ಇಂಥ ಫೋನು ಹುಟ್ಟಲಾರದೆಂದು ಸರಕಾರಕ್ಕೆ ಬರೆದು ತಿಳಿಸಿದರು. ಜೂನ್ ಕೊನೆಯೊಳಗೆ ಮನೆಗೆ ಮುಟ್ಟಿಸುವೆವೆಂದು ಹೇಳಿದ್ದ ಕಂಪನಿಯು ಆಮೇಲೆ ಕೆಲವು ಸಾವಿರ ಫೋನುಗಳನ್ನು ಕೊಟ್ಟೆವೆಂದು ಹೇಳಿಕೊಂಡಿತೇ ಹೊರತು, ಆಸೆ ಹುಟ್ಟಿಸಿದಷ್ಟು ಜನರಿಗೆ ಕೊಡಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ವಿತರಕರೊಬ್ಬರ ದೂರಿನ ಮೇಲೆ ಗಾಜಿಯಾಬಾದಿನ ಪೋಲೀಸರು ಕಂಪನಿಯ ನಿರ್ದೇಶಕನನ್ನು ಹಿಡಿದರು.

ಈ ಹಳೆಯ ಕಥೆಯನ್ನು ಇಂದು ಮತ್ತೆ ತೆಗೆದದ್ದೇಕೆಂದು ಯಾರಾದರೂ ಕೇಳಬಹುದು. ಅಂದು ಮೋಸವೆಂದು ಕೂಗಿದವರು ಬಹಳ ಜನ. ಆದರೆ 251 ರೂಪಾಯಿಗೆ ಫೋನು ಹೇಗೆ ಬಂದೀತೆಂದು ಹಣ ತುಂಬುವ ಮೊದಲು ಒಂದು ನಿಮಿಷ ಲೆಕ್ಕ ಹಾಕಿದವರು ಎಷ್ಟು ಜನ? ಅವರಲ್ಲಿ ಓದುಬರಹ ಬಲ್ಲವರಿದ್ದರು, ನೌಕರಿಯವರಿದ್ದರು, ಲೆಕ್ಕಪತ್ರ ನೋಡುವದನ್ನೇ ಉದ್ಯೋಗವಾಗಿ ಮಾಡಿಕೊಂಡವರೂ ಇದ್ದರು. ಕಂಪನಿಯ ಹೆಸರು ಬದಲಾಗಿರಬಹುದು, ಮಾಲು ಬದಲಾಗಿರಬಹುದು. ಆದರೆ ಅಂದಿನ ಜಾಹೀರಾತಿನ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮ ಅಂಗೈಯಲ್ಲಿಯ ಪರದೆಯ ಮೇಲೆ ದಿನಕ್ಕೆ ಹತ್ತು ಸಲ ಕುಣಿದು ಹೋಗುತ್ತಾರೆ. ಎಂಬತ್ತು ಸಾವಿರದ ಫೋನು ಎಂಟು ಸಾವಿರಕ್ಕೆ, ಎರಡು ಟಿ.ಬಿ.ಯ ಪೆನ್ ಡ್ರೈವು ಐದು ನೂರಕ್ಕೆ, ಐವತ್ತು ಸಾವಿರ ‘ಎಂ.ಎ.ಎಚ್.’ ಶಕ್ತಿಯ ಪವರ್ ಬ್ಯಾಂಕು ಆರು ನೂರಕ್ಕೆ. ಆದುದರಿಂದ ಈ ಅಗ್ಗವು ಎಲ್ಲಿಂದ ಬರುತ್ತದೆ, ಅದರ ದಂಡವನ್ನು ತೆರುವವರು ಯಾರು ಎಂಬದನ್ನು ವಿಚಾರಿಸುವದು ಅಪ್ರಸ್ತುತವಾಗಲಾರದು.

ಅಗ್ಗವು ಹುಟ್ಟುವ ಬಗೆ

ಮೊದಲಿಗೇ ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡಬೇಕು. ಅಗ್ಗವೆಲ್ಲವೂ ಮೋಸವಲ್ಲ. ಹೊಸ ಮಾದರಿಯ ಫೋನು ಬಂದಾಗ ಹಳೆಯ ಮಾದರಿಯ ಬೆಲೆ ಇಳಿಯುತ್ತದೆ. ಉಗ್ರಾಣದಲ್ಲಿ ಉಳಿದ ಮಾಲನ್ನು ವ್ಯಾಪಾರಿಯು ನಷ್ಟದಲ್ಲಾದರೂ ತೆಗೆದುಹಾಕಬೇಕಾಗುತ್ತದೆ. ಬ್ಯಾಂಕುಗಳು ತಮ್ಮ ಕಾರ್ಡಿನ ಪ್ರಚಾರಕ್ಕಾಗಿ ಬೆಲೆಯ ಒಂದು ಪಾಲನ್ನು ತಾವೇ ಹೊರುತ್ತವೆ. ಹಳೆಯ ಯಂತ್ರವನ್ನು ಕೊಟ್ಟು ಹೊಸದನ್ನು ಒಯ್ದರೆ ಅದರ ಬೆಲೆ ವಜಾ ಆಗುತ್ತದೆ. ಇಂಥ ಸೋಡಿಯು ನೂರಕ್ಕೆ ಹತ್ತೋ ಇಪ್ಪತ್ತೋ, ಹಳೆಯ ಮಾದರಿಯಾದರೆ ಅದಕ್ಕೂ ಸ್ವಲ್ಪ ಹೆಚ್ಚಾಗಿಯೋ ಇರಬಹುದು. ಇದಕ್ಕೆ ಕಾರಣವುಂಟು, ಕಾರಣವನ್ನು ಕೇಳಿದರೆ ಮಾರುವವನು ಹೇಳಬಲ್ಲನು.

ಆದರೆ ನೂರಕ್ಕೆ ಎಂಬತ್ತು ತೊಂಬತ್ತರಷ್ಟು ಸೋಡಿ ಎಂದರೆ ಅದು ಬೇರೆಯ ಮಾತು. ಒಂದು ಫೋನಿನಲ್ಲಿ ಪರದೆ, ಸಂಸ್ಕಾರಕ, ಸ್ಮೃತಿಯ ಚಿಪ್ಪುಗಳು, ಬ್ಯಾಟರಿ, ಕ್ಯಾಮೆರಾ ಇವಿಷ್ಟೂ ಇರಲೇಬೇಕು. ಇವುಗಳಿಗೆ ಲೋಕದ ಪೇಟೆಯಲ್ಲಿ ಒಂದು ಧಾರಣೆ ಉಂಟು. ಅದರ ಮೇಲೆ ಜೋಡಣೆಯ ಕೂಲಿ, ಸಾಗಾಣಿಕೆ, ರಿಪೇರಿಯ ಹೊಣೆ, ಹಾಗೂ ನಮ್ಮಲ್ಲಿ ಮೊಬೈಲಿನ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಇವೆಲ್ಲ ಕೂಡಿಕೊಳ್ಳುತ್ತವೆ. ಇವನ್ನೆಲ್ಲ ಮೀರಿ ಯಾರಾದರೂ ಬೆಲೆ ಇಳಿಸಿದರೆಂದರೆ ಅವರು ಈ ಪಟ್ಟಿಯೊಳಗಿನ ಯಾವದೋ ಒಂದನ್ನು ಬಿಟ್ಟಿರಲೇಬೇಕು: ತೆರಿಗೆಯನ್ನು ಬಿಟ್ಟಿರಬಹುದು, ರಿಪೇರಿಯ ಹೊಣೆಯನ್ನು ಬಿಟ್ಟಿರಬಹುದು, ಒಳಗಿನ ಸುರಕ್ಷತೆಯ ಭಾಗವನ್ನು ಬಿಟ್ಟಿರಬಹುದು, ಇಲ್ಲವೇ ಮಾಲನ್ನು ಕಳಿಸುವದನ್ನೇ ಬಿಟ್ಟಿರಬಹುದು. ಅಗ್ಗವೆಂದು ಮುಗ್ಗಿದ ಜೋಳವನ್ನು ಕೊಂಡರೆಂಬ ಮಾತು ನಮ್ಮ ಕಡೆಗೆ ಇದ್ದದ್ದೇ. ಜೋಳ ಮುಗ್ಗಿದ್ದರೆ ಮೂಗಿಗಾದರೂ ತಿಳಿದೀತು. ಯಂತ್ರ ಮುಗ್ಗಿದ್ದರೆ ಅದರ ಮುಚ್ಚಳ ತೆಗೆಯುವವರೆಗೆ ಯಾರಿಗೂ ತಿಳಿಯದು.

ಹೆಸರುಂಟು, ಒಳಗೇನೂ ಇಲ್ಲ

ನಮ್ಮ ಪರಿಚಯದ ನಿವೃತ್ತ ಶಾಲಾ ಮಾಸ್ತರರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರ ಪತ್ನಿಯು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಆಕೆಯ ಮೂವತ್ತು ವರ್ಷಗಳ ಭಾವಚಿತ್ರಗಳೂ, ಮಗನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಆಕೆಯ ಬೀಸುವ ಹಾಡುಗಳೂ ಮನೆಯ ಹಳೆಯ ಕಂಪ್ಯೂಟರಿನಲ್ಲಿದ್ದವು. ಕಂಪ್ಯೂಟರು ಸಾಯುವ ಸ್ಥಿತಿಗೆ ಬಂದುದರಿಂದ ಮಾಸ್ತರರು ಎರಡು ಟಿ.ಬಿ. ಸಾಮರ್ಥ್ಯದ್ದೆಂದು ಹೇಳಿದ್ದ ಪೆನ್ ಡ್ರೈವೊಂದನ್ನು ಆನ್‌ಲೈನಿನಲ್ಲಿ 499 ರೂಪಾಯಿಗೆ ತರಿಸಿ, ಅದಕ್ಕೆ ಎಲ್ಲವನ್ನೂ ನಕಲು ಮಾಡಿ, ಹೆಸರುಗಳೆಲ್ಲ ಬಂದಿವೆಯೆಂದು ನೋಡಿಕೊಂಡು, ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರು. ಮುಂದೆ ವರ್ಷಾಂತಿಕದ ದಿವಸ ಹಾಡು ಕೇಳಿಸಬೇಕೆಂದು ತೆಗೆದರೆ ಕೊನೆಕೊನೆಗೆ ನಕಲಾದ ಕೆಲವನ್ನು ಬಿಟ್ಟರೆ ಉಳಿದ ಒಂದೂ ತೆರೆಯಲಿಲ್ಲ. “ಹೆಸರೆಲ್ಲಾ ಅವ ರೀ, ಒಳಗ ಏನೂ ಇಲ್ಲ” ಎಂದು ಅವರು ನಮ್ಮೆದುರು ಹೇಳಿದ ಧ್ವನಿಯನ್ನು ನಾವು ಮರೆಯಲಾರೆವು.

ಇದು ಡ್ರೈವು ಕೆಟ್ಟದ್ದರಿಂದ ಆದ ಅನಾಹುತವಲ್ಲ. ಅದು ಹಾಗೆ ಕೆಲಸ ಮಾಡಬೇಕೆಂದೇ ತಯಾರಾದದ್ದು. ಇಂಥ ಡ್ರೈವಿನೊಳಗೆ ಇರುವದು ಹದಿನಾರೋ ಮೂವತ್ತೆರಡೋ ಜಿ.ಬಿ.ಯ ಚಿಪ್ಪು. ಅದನ್ನು ನಡೆಯಿಸುವ ನಿಯಂತ್ರಕ ಚಿಪ್ಪಿಗೆ ‘ನೀನು ಎರಡು ಟಿ.ಬಿ. ಎಂದು ಹೇಳು’ ಎಂದು ಸುಳ್ಳು ಕಲಿಸಿರುತ್ತಾರೆ. ಕಂಪ್ಯೂಟರು ಅದನ್ನು ನಂಬಿ ಬರೆಯುತ್ತ ಹೋಗುತ್ತದೆ. ನಿಜವಾದ ಜಾಗ ತೀರಿದ ಮೇಲೆ ಹೊಸ ಬರಹವು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲಿಯೂ ಬೀಳುವದಿಲ್ಲ. ಕಡತಗಳ ಹೆಸರಿನ ಪಟ್ಟಿ ಮಾತ್ರ ಸರಿಯಾಗಿ ಕಾಣುತ್ತಿರುತ್ತದೆ. ಡ್ರೈವಿನ ಪೂರ್ತಿ ಜಾಗವನ್ನು ಬರೆದು ಮರಳಿ ಓದಿ ಪರೀಕ್ಷಿಸುವ ‘ಎಚ್‌ಟುಟೆಸ್ಟ್‌ಡಬ್ಲ್ಯು’, ‘ಎಫ್‌ತ್ರೀ’ ಎಂಬ ಉಚಿತ ತಂತ್ರಾಂಶಗಳಿವೆ. ಹೊಸ ಡ್ರೈವನ್ನು ಇವುಗಳಿಂದ ಪರೀಕ್ಷಿಸದೆ ಅದರಲ್ಲಿ ಬೆಲೆಯುಳ್ಳ ಏನನ್ನೂ ಇಡಬಾರದು. ಕಚೇರಿಗಳಿಗೆ ಇಂಥ ಸಾಮಾನುಗಳನ್ನು ಕೊಳ್ಳುವ ಅಧಿಕಾರಿ ಮಹಾಶಯರು ಈ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಕಡಿಮೆ ಬೆಲೆಯ ದರಪಟ್ಟಿಯೆಂದು ತರಿಸಿದ ಡ್ರೈವಿನಲ್ಲಿ ಒಂದು ತಾಲೂಕಿನ ದಾಖಲೆಗಳು ಕಣ್ಮರೆಯಾದರೆ ಉಳಿದ ಹಣವು ಯಾವ ಲೆಕ್ಕಕ್ಕೂ ಬರಲಾರದು.

ಬೆಂಕಿಯ ಮಾತು

ಹಣವೂ ದಾಖಲೆಯೂ ಹೋದರೆ ಹೋಗಲಿ, ಜೀವವೇ ಅಪಾಯಕ್ಕೆ ಸಿಕ್ಕುವ ಪ್ರಸಂಗವೂ ಇದರಲ್ಲುಂಟು. ನಮ್ಮ ಮನೆಯ ಗೋಡೆಯಲ್ಲಿರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಫೋನಿಗೆ ಬೇಕಾದದ್ದು ಸಾಮಾನ್ಯವಾಗಿ ಐದು ವೋಲ್ಟು. ಈ ಎರಡರ ನಡುವೆ ನಿಂತು ನಮ್ಮನ್ನು ಕಾಯುವದು ಚಾರ್ಜರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ನಿರೋಧಕ ಪದರ ಮತ್ತು ಎರಡು ಕಡೆಯ ತಂತಿಗಳ ನಡುವೆ ಬಿಟ್ಟ ಕೆಲವು ಮಿಲಿಮೀಟರಿನ ಅಂತರ. ನಕಲಿ ಚಾರ್ಜರು ತಯಾರಿಸುವವನು ಮೊದಲು ಉಳಿತಾಯ ಮಾಡುವದು ಇಲ್ಲಿಯೇ, ಏಕೆಂದರೆ ಇದು ಹೊರಗೆ ಕಾಣುವದಿಲ್ಲ. 2016ರಲ್ಲಿ ಬ್ರಿಟನ್ನಿನ ವ್ಯಾಪಾರ ಮಾನಕ ಅಧಿಕಾರಿಗಳ ಪರವಾಗಿ ಎಂಟು ದೇಶಗಳ ಆನ್‌ಲೈನ್ ಮಾರಾಟಗಾರರಿಂದ ಆಪಲ್ ಹೆಸರಿನ 400 ನಕಲಿ ಚಾರ್ಜರುಗಳನ್ನು ತರಿಸಿ ಪರೀಕ್ಷಿಸಲಾಯಿತು. ವಿದ್ಯುದಾಘಾತದಿಂದ ರಕ್ಷಿಸುವಷ್ಟು ನಿರೋಧವಿದ್ದವುಗಳು ಮೂರೇ ಮೂರು. ಉಳಿದ 397 ಚಾರ್ಜರುಗಳು ಯಾರದೋ ಮನೆಯಲ್ಲಿ, ಯಾರದೋ ಮಗುವಿನ ದಿಂಬಿನ ಪಕ್ಕದಲ್ಲಿ ಇರಬೇಕಾದವುಗಳೇ ಆಗಿದ್ದವು.

ಪವರ್ ಬ್ಯಾಂಕಿನ ಮಾತೂ ಹಾಗೆಯೇ. ಅದರೊಳಗೆ ಹೆಚ್ಚಾಗಿ ಬಳಸುವ ಬೆರಳುದ್ದದ ಲಿಥಿಯಂ ಕೋಶವೊಂದರ ಶಕ್ತಿ ಎರಡು ಸಾವಿರದಿಂದ ಮೂರುವರೆ ಸಾವಿರ ಎಂ.ಎ.ಎಚ್. ವರೆಗೆ, ತೂಕ ಸುಮಾರು 45ರಿಂದ 50 ಗ್ರಾಂ. ಆದ್ದರಿಂದ ಇಪ್ಪತ್ತು ಸಾವಿರದ ಪವರ್ ಬ್ಯಾಂಕಿನಲ್ಲಿ ಇಂಥ ಆರು ಕೋಶಗಳಾದರೂ ಇರಬೇಕು, ಅದು ಕಾಲು ಕಿಲೋವಿಗಿಂತ ಹೆಚ್ಚು ತೂಗಬೇಕು. ಐವತ್ತು ಸಾವಿರವೆಂದು ಬರೆದುಕೊಂಡು ಅಂಗಿಯ ಕಿಸೆಯಲ್ಲಿ ಹಗುರಾಗಿ ಕುಳಿತುಕೊಳ್ಳುವ ಪೆಟ್ಟಿಗೆಯು ತಾನು ಸುಳ್ಳೆಂದು ತಾನೇ ಸಾಕ್ಷಿ ಹೇಳುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಮುದಿ ಕೋಶಗಳನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ, ಅತಿಯಾಗಿ ತುಂಬದಂತೆ ತಡೆಯುವ ರಕ್ಷಣಾ ಮಂಡಲವನ್ನು ಬಿಟ್ಟು ಮಾರುವ ಅಭ್ಯಾಸವೂ ಉಂಟು. ಇಂಥ ಕೋಶವು ಒಮ್ಮೆ ಒಳಗೊಳಗೇ ಕಾಯತೊಡಗಿತೆಂದರೆ ಆ ಕಾವೇ ಕಾವನ್ನು ಹೆಚ್ಚಿಸುತ್ತ ಹೋಗಿ ಕ್ಷಣಾರ್ಧದಲ್ಲಿ ಜ್ವಾಲೆಯಾಗುತ್ತದೆ.

ಈ ಕಾರಣಕ್ಕಾಗಿಯೇ ಕಡ್ಡಾಯ ನೋಂದಣಿಯ ಆಜ್ಞೆಯನ್ವಯ ಮೊಬೈಲು, ಚಾರ್ಜರು, ಪವರ್ ಬ್ಯಾಂಕು ಮೊದಲಾದವುಗಳ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ, ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಲೇಬೇಕು. ಆ ಸಂಖ್ಯೆಯನ್ನು ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಎಂಬ ಆ್ಯಪಿನಲ್ಲಿ ಹಾಕಿದರೆ ತಯಾರಿಸಿದವರ ಹೆಸರು ಹೊರಬರುತ್ತದೆ. ಆದರೂ 2025ರ ಮಾರ್ಚ್ ತಿಂಗಳಲ್ಲಿ ಸಂಸ್ಥೆಯ ಅಧಿಕಾರಿಗಳು ದೊಡ್ಡ ಆನ್‌ಲೈನ್ ಕಂಪನಿಗಳ ಉಗ್ರಾಣಗಳನ್ನು ಶೋಧಿಸಿದಾಗ ಕಡ್ಡಾಯವಾದ ಗುರುತಿಲ್ಲದ ಸಾವಿರಾರು ಸಾಮಾನುಗಳು ಸಿಕ್ಕಿದವು. ದೊಡ್ಡ ಹೆಸರಿನ ಬಾಗಿಲಿನಿಂದ ಬಂದದ್ದೆಲ್ಲ ಪರೀಕ್ಷೆಯಾಗಿ ಬಂದಿರುತ್ತದೆಂಬ ನಂಬಿಗೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅಂಗಡಿ ಯಾರದು?

ನಮ್ಮ ಊರಿನ ಪೇಟೆಯಲ್ಲಿ ಅಂಗಡಿಯ ಹಲಗೆಯ ಮೇಲೆ ಯಾರ ಹೆಸರಿರುತ್ತದೆಯೋ ಅವನೇ ಗದ್ದುಗೆಯ ಮೇಲೆ ಕುಳಿತಿರುತ್ತಾನೆ. ಮಾಲು ಕೆಟ್ಟರೆ ಮರುದಿನ ಹೋಗಿ ಜಗಳಾಡಬಹುದು. ಆನ್‌ಲೈನ್ ಪೇಟೆಯಲ್ಲಿ ಹಲಗೆ ಒಬ್ಬರದು, ಮಾಲು ಮತ್ತೊಬ್ಬರದು. ಕಂಪನಿಯು ತಾನು ಕಟ್ಟೆಯನ್ನು ಬಾಡಿಗೆಗೆ ಕೊಟ್ಟ ಸಂತೆಯ ಯಜಮಾನನಷ್ಟೇ ಎಂದು ಹೇಳುತ್ತದೆ. ಕಟ್ಟೆಯ ಮೇಲೆ ಕುಳಿತವನು ಇಂದು ಇದ್ದು ನಾಳೆ ಬೇರೆ ಹೆಸರಿನಿಂದ ಬರುವವನಿರಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವನ ಹೆಸರು, ವಿಳಾಸ, ಸಂಪರ್ಕದ ವಿವರಗಳನ್ನು ಗಿರಾಕಿಗೆ ಕಾಣಿಸಲೇಬೇಕು. ನಮ್ಮಲ್ಲಿ ಎಷ್ಟು ಜನರು ಹಣ ಕೊಡುವ ಮೊದಲು ಆ ಸಣ್ಣಕ್ಷರಗಳನ್ನು ಓದುತ್ತಾರೆ?

ಇನ್ನು ಗಿರಾಕಿಯ ಮನಸ್ಸನ್ನು ಹಿಡಿಯುವ ಉಪಾಯಗಳು. ‘ಇನ್ನು ಎರಡೇ ಉಳಿದಿವೆ’, ‘ಇನ್ನು ಹನ್ನೊಂದು ನಿಮಿಷ ಮಾತ್ರ’ ಎಂದು ಗಡಿಯಾರ ಓಡಿಸುವದು. ಒಂದು ಬೆಲೆ ತೋರಿಸಿ ಕೊನೆಯಲ್ಲಿ ನಾಲ್ಕು ಶುಲ್ಕ ಕೂಡಿಸುವದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವದು. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ. ಹೊಗಳಿಕೆಯ ಅಭಿಪ್ರಾಯಗಳನ್ನು ದುಡ್ಡು ಕೊಟ್ಟು ಬರೆಯಿಸುವ ಧಂದೆಯು ಎಷ್ಟು ಬೆಳೆದಿದೆಯೆಂದರೆ, 2022ರಲ್ಲಿ ಮಾನಕ ಸಂಸ್ಥೆಯು ಅಭಿಪ್ರಾಯಗಳಿಗೂ ಒಂದು ಮಾನಕವನ್ನು ಹೊರಡಿಸಬೇಕಾಯಿತು. ಸೋಡಿಯ ಲೆಕ್ಕವನ್ನಾದರೂ ಎಚ್ಚರದಿಂದ ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿಯು 2014ರ ಅಕ್ಟೋಬರ್ 6ರಂದು ಮೊದಲ ಬಾರಿಗೆ ನಡೆಯಿಸಿದ ಮಹಾಮಾರಾಟದ ನಂತರ, ಮಾರಾಟಕ್ಕೆ ಮುಂಚಿನ ದಿನಗಳಲ್ಲಿ ಅನೇಕ ವಸ್ತುಗಳ ಬೆಲೆಗಳು ಸೋಡಿಯಿಲ್ಲದ ಬೆಲೆಗೆ ಏರಿದ್ದವೆಂದು ಅದರ ಸ್ಥಾಪಕರೇ ಒಪ್ಪಿ ಗಿರಾಕಿಗಳ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡತನವೇ ಸರಿ. ಆದರೆ ಹೊಡೆದುಹಾಕಿ ತೋರಿಸಿದ ‘ಮೂಲಬೆಲೆ’ಯು ನಿನ್ನೆಯ ನಿಜವಾದ ಬೆಲೆಯೇ ಎಂದು ನೋಡದೆ ಶೇಕಡಾವಾರಿಗೆ ಮರುಳಾಗಬಾರದೆಂಬ ಪಾಠವು ಅದರಿಂದ ದೊರೆಯಿತು.

ಎರಡನೆಯ ಪೆಟ್ಟು

ಮೋಸ ಹೋದವನಿಗೆ ಅದೇ ಕೊನೆಯ ಪೆಟ್ಟಾಗಿರುವದಿಲ್ಲ. ಕೆಟ್ಟ ಮಾಲು ಬಂದೊಡನೆ ಅವನು ಅಂತರ್ಜಾಲದಲ್ಲಿ ಕಂಪನಿಯ ದೂರವಾಣಿ ಸಂಖ್ಯೆಯನ್ನು ಹುಡುಕುತ್ತಾನೆ. ಅಲ್ಲಿ ಮೊದಲು ಸಿಕ್ಕುವ ಸಂಖ್ಯೆಯು ಕೆಲವೊಮ್ಮೆ ಕಂಪನಿಯದಾಗಿರದೆ ಹೊಂಚು ಹಾಕಿದವರದಾಗಿರುತ್ತದೆ. ಅವರು ಅತಿ ವಿನಯದಿಂದ ‘ಹಣ ಮರಳಿಸುತ್ತೇವೆ ಸರ್, ಈ ಆ್ಯಪನ್ನು ಹಾಕಿಕೊಳ್ಳಿ, ನಿಮ್ಮ ಪಿನ್ನನ್ನು ಒತ್ತಿರಿ’ ಎನ್ನುತ್ತಾರೆ. ಐದು ನೂರನ್ನು ಮರಳಿ ಪಡೆಯಹೋದವರು ಐವತ್ತು ಸಾವಿರ ಕಳೆದುಕೊಳ್ಳುವದು ಹೀಗೆ. ಯು.ಪಿ.ಐ. ವ್ಯವಹಾರದಲ್ಲಿ ಹಣ ಕೊಡುವಾಗ ಮಾತ್ರ ಪಿನ್ನು ಬೇಕು, ಪಡೆಯುವಾಗ ಎಂದಿಗೂ ಬೇಕಿಲ್ಲ. ಈ ಒಂದು ವಾಕ್ಯವನ್ನು ಪ್ರತಿ ಮನೆಯಲ್ಲಿಯೂ ಗೋಡೆಯ ಮೇಲೆ ಬರೆದಿಟ್ಟರೆ ತಪ್ಪಿಲ್ಲ.

ಮಾಡತಕ್ಕದ್ದೇನು?

ಕೊಳ್ಳುವ ಮೊದಲು: ಅದೇ ವಸ್ತುವಿನ ಬೆಲೆಯನ್ನು ತಯಾರಿಸಿದ ಕಂಪನಿಯ ಸ್ವಂತ ತಾಣದಲ್ಲಿಯೂ ಊರಿನ ಅಂಗಡಿಯಲ್ಲಿಯೂ ಕೇಳಬೇಕು. ತಾಣದ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಓದಬೇಕು. ಪ್ರಸಿದ್ಧ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕಟ್ಟಿದ ಕಳ್ಳತಾಣಗಳು ಹಬ್ಬದ ಕಾಲಕ್ಕೆ ಅಣಬೆಗಳಂತೆ ಏಳುತ್ತವೆ. ಜಿ.ಎಸ್.ಟಿ. ಸಂಖ್ಯೆಯುಳ್ಳ ಬಿಲ್ಲನ್ನು ಕೊಡುವರೇ, ಗ್ಯಾರಂಟಿಯು ಭಾರತದಲ್ಲಿ ನಡೆಯುತ್ತದೆಯೇ, ವಸ್ತು ಹೊಸದೋ ದುರಸ್ತಿ ಮಾಡಿದ್ದೋ ಎಂಬದನ್ನು ತಿಳಿದುಕೊಳ್ಳಬೇಕು. ಪೂರ್ತಿ ಹಣವನ್ನು ಮೊದಲೇ ಯಾರದೋ ಸ್ವಂತ ಖಾತೆಗೆ ಕಳಿಸೆಂದು ಹೇಳುವವರೊಡನೆ ಮಾತನ್ನೇ ಬೆಳೆಯಿಸಬಾರದು.

ಮಾಲು ಬಂದಾಗ: ಪೊಟ್ಟಣವನ್ನು ಬಿಚ್ಚುವದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಚಿತ್ರೀಕರಿಸಬೇಕು, ಫೋನಿನ ಬದಲು ಕಲ್ಲೋ ಸಾಬೂನೋ ಬಂದರೆ ಅದೇ ಸಾಕ್ಷಿ. ಫೋನಿನಲ್ಲಿ ನಕ್ಷತ್ರ, ಹ್ಯಾಶ್, 06, ಹ್ಯಾಶ್ ಇವನ್ನು ಒತ್ತಿದರೆ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆ ಬರುತ್ತದೆ. ಅದು ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿನ ಮೇಲಿನದಕ್ಕೂ ಹೊಂದಬೇಕು. ‘ಕೆ.ವೈ.ಎಂ.’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಜಾತಕವು ಸರಕಾರದ ದಫ್ತರದಿಂದಲೇ ಬರುತ್ತದೆ. ಕದ್ದದ್ದೋ ನಕಲಿಯೋ ಆಗಿದ್ದರೆ ಆಗಲೇ ತಿಳಿಯುತ್ತದೆ.

ಮೋಸವಾದಾಗ: ನಾಚಿಕೊಂಡು ಸುಮ್ಮನಿರುವದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಹಣವು ಕಳ್ಳರ ಕೈಗೆ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗನೆ ತಿಳಿಸಿದರೆ ಹಣವು ಮುಂದಿನ ಖಾತೆಗೆ ಸರಿಯುವ ಮೊದಲೇ ತಡೆಹಿಡಿಯುವ ಸಂಭವವುಂಟು. ಮಾಲಿನ ತಕರಾರಾದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಅವನು 48 ತಾಸುಗಳಲ್ಲಿ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ನಕಲಿ ಅಥವಾ ದೋಷವುಳ್ಳ ಮಾಲನ್ನು ಮರಳಿ ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯಂತೆ ಗಿರಾಕಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ಫಿರ್ಯಾದು ಮಾಡಬಹುದು. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ. ದಿಲ್ಲಿಯ ಮಾರಾಟಗಾರನ ಮೇಲೆ ಗದುಗಿನ ಗಿರಾಕಿಯು ಗದುಗಿನಲ್ಲಿಯೇ ದಾವೆ ಹೂಡಬಹುದೆಂಬದು ಸಣ್ಣ ಹಕ್ಕೇನಲ್ಲ.

ಹೊಣೆ ಯಾರದು?

ಗಿರಾಕಿಯು ಎಚ್ಚರದಿಂದಿರಬೇಕೆಂದು ಹೇಳಿ ಎಲ್ಲ ಭಾರವನ್ನೂ ಅವನ ತಲೆಯ ಮೇಲೆ ಹೊರಿಸುವದು ನ್ಯಾಯವಲ್ಲ. ಸಂತೆಯ ಯಜಮಾನನು ಪ್ರತಿ ವ್ಯಾಪಾರದಿಂದಲೂ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ಪಾಲಿನಲ್ಲಿ ಭಾಗವಿದ್ದವನಿಗೆ ಪಾಪದಲ್ಲಿ ಭಾಗವಿಲ್ಲವೆಂದರೆ ಯಾರು ಒಪ್ಪುವರು? ನೋಂದಣಿ ಸಂಖ್ಯೆಯಿಲ್ಲದ ಚಾರ್ಜರು, ಅಸಾಧ್ಯವಾದ ಅಂಕಿ ಬರೆದ ಪವರ್ ಬ್ಯಾಂಕು ತನ್ನ ಕಟ್ಟೆಯ ಮೇಲೆ ಏರದಂತೆ ತಡೆಯುವದು ಇಷ್ಟು ಬುದ್ಧಿಯ ಯಂತ್ರಗಳನ್ನು ಇಟ್ಟುಕೊಂಡ ಕಂಪನಿಗಳಿಗೆ ಕಠಿಣವಾದ ಕೆಲಸವಲ್ಲ. ಸರಕಾರವೂ ನಿಯಮಗಳನ್ನು ಅಚ್ಚು ಹಾಕಿಸಿದಷ್ಟಕ್ಕೆ ತೃಪ್ತಿಪಡದೆ, ಉಗ್ರಾಣಗಳ ಶೋಧವನ್ನು ವರ್ಷಕ್ಕೊಮ್ಮೆಯ ಸುದ್ದಿಯಾಗಿಸದೆ, ನಿತ್ಯದ ಕೆಲಸವಾಗಿ ಮಾಡಬೇಕು.

ಆದರೆ ಅಂಥ ದಿನ ಬರುವವರೆಗೆ ನಮ್ಮ ಕೈಯಲ್ಲಿರುವ ಮೊದಲನೆಯ ಮದ್ದು, ಹಣ ತುಂಬುವ ಮೊದಲು ಹಾಕುವ ಆ ಒಂದು ನಿಮಿಷದ ಲೆಕ್ಕವೇ. ಮಾಸ್ತರರು ಈಚೆಗೆ ಹೊಸ ಡ್ರೈವೊಂದನ್ನು ಊರಿನ ಅಂಗಡಿಯಲ್ಲಿ, ಬಿಲ್ಲು ಪಡೆದು, ಪೂರ್ತಿ ಬೆಲೆ ಕೊಟ್ಟು ಕೊಂಡರು. ಮಗನ ಹಳೆಯ ಮೊಬೈಲಿನಲ್ಲಿ ಉಳಿದಿದ್ದ ಒಂದು ಹಾಡು ಈಗ ಅದರಲ್ಲಿದೆ. ಉಳಿದವುಗಳು ಯಾವ ಬೆಲೆಗೂ ಮರಳಿ ಬಾರವು.